ಕೊನೆಯ ಎರಡು ಚಮಚ

ಹೆಂಡತಿ ತೀರಿಕೊಂಡ ಮೇಲೂ ಅವಳು ಹುರಿದು ಕುಟ್ಟಿಟ್ಟಿದ್ದ ಸಾರಿನ ಪುಡಿ ಮೂರು ತಿಂಗಳು ಬಂತು. ಬಾಟಲಿಯ ತಳ ಕಂಡ ದಿನ ಅವನು ಎರಡು ಚಮಚದಷ್ಟನ್ನು ಪುಟ್ಟ ಡಬ್ಬಿಗೆ ಹಾಕಿ ಫ್ರಿಜ್ಜಿನ ಮೂಲೆಯಲ್ಲಿ ಅಡಗಿಸಿಟ್ಟ. ಖಾಲಿ ಬಾಟಲಿಗೆ ಅಂಗಡಿಯ ಪುಡಿ ತುಂಬಿದ.

"ಅಮ್ಮನ ಪುಡಿ ಮುಗಿದೋಯ್ತಾ ಅಪ್ಪಾ?" ಎಂದು ಮಕ್ಕಳು ಕೇಳಿದಾಗಲೆಲ್ಲ ಬಾಟಲಿ ಎತ್ತಿ ತೋರಿಸುತ್ತಿದ್ದ. "ಎಲ್ಲಿ ಮುಗಿಯತ್ತೆ? ನೋಡಿ, ಇನ್ನೂ ಬೇಕಾದಷ್ಟಿದೆ."

ವರ್ಷದ ಕಾರ್ಯ ಮುಗಿದ ಮೇಲಿನ ಭಾನುವಾರ, ಮಕ್ಕಳು ಕೆರೆ ಪಾರ್ಕಿಗೆ ಹೋಗೋಣವೆಂದು ಹಟ ಹಿಡಿದರು. ಹಿಂದೆ ನಾಲ್ವರೂ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಜಾಗ ಅದು. ಅವನು ಬೆಳಗ್ಗೆಯೇ ಎದ್ದು ಬೇಳೆ ಬೇಯಿಸಿ, ಅಡಗಿಸಿಟ್ಟಿದ್ದ ಪುಡಿಯನ್ನು ಪೂರ್ತಿ ಸುರಿದ. ಸಾರು ಕುದಿಬಂದು ಘಮ್ಮೆಂದಾಗ ಒಲೆಯ ಮುಂದೆ ನಿಲ್ಲಲಾಗದೆ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಪಾರ್ಕಿನ ಹೊಂಗೆಮರದಡಿ ಜಮಖಾನ ಹಾಸಿ, ಕ್ಯಾರಿಯರ್ ಬಿಚ್ಚಿ, ಅನ್ನ ಕಲಸಿ ಇಬ್ಬರಿಗೂ ಕೈತುತ್ತು ಕೊಟ್ಟ. ಅವಳು ಕೊಡುತ್ತಿದ್ದುದೂ ಹೀಗೆಯೇ.

ಚಿಕ್ಕವನು ಮುಖ ಕಿವುಚಿದ. ಮಗಳು ಒಂದು ತುತ್ತು ತಿಂದು, ಎರಡನೆಯದಕ್ಕೆ ಕೈ ಒಡ್ಡಲಿಲ್ಲ.

"ಯಾಕ್ ಪುಟ್ಟೀ, ಚೆನ್ನಾಗಿಲ್ವಾ?"

ಅಪ್ಪನಿಗೆ ಬೇಜಾರಾಗಬಾರದೆಂದು ಅವಳು ಮೆಲ್ಲಗೆ ಹೇಳಿದಳು: "ಇವತ್ತು ಅಂಗಡಿ ಪುಡಿ ಹಾಕಿದೀಯ ಅಲ್ವಾ ಅಪ್ಪಾ? ನಾಳೆ ಅಮ್ಮನ ಪುಡಿ ಹಾಕೇ ಮಾಡು, ದಿನಾ ಮಾಡ್ತೀಯಲ್ಲ, ಹಾಗೆ."