ಒಲೆಯ ಪಕ್ಕದ ಜಾಗ

ತುಯಾರಾಳ ರಿಪೇರಿ ಗ್ಯಾರೇಜಿನೊಳಗೆ ಗಾಡಿ ತಂದು ನಿಲ್ಲಿಸಿದ ಮೇಲೂ ಮಿಚಿಲ್ ಎಂಜಿನ್ ಆರಿಸಲಿಲ್ಲ.

"ಆರಿಸೋ ಮಾರಾಯ, ಒಲೆ ಉರೀತಿದೆ, ಇಲ್ಲಿ ಬೆಚ್ಚಗಿದೆ," ಎಂದಳು ತುಯಾರಾ.

"ಕೈಯೇ ಬರ್ತಿಲ್ಲ. ಎರಡು ದಿನದಿಂದ ಇದು ಒಮ್ಮೆಯೂ ಸುಮ್ಮನಾಗಿಲ್ಲ."

ಕೊನೆಗೆ ಅವಳೇ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿದಳು. ಥಟ್ಟನೆ ಕವಿದ ಮೌನಕ್ಕೆ ಇಬ್ಬರೂ ಸ್ವಲ್ಪ ನಾಚಿಕೊಂಡರು. ಹೊರಗೆ ಸೊನ್ನೆಗಿಂತ ಐವತ್ಮೂರು ಡಿಗ್ರಿ ಕೆಳಗಿತ್ತು. ಹಾಂಡಿಗಾ ಊರಿನ ಚಳಿಗಾಲದಲ್ಲಿ ಬಯಲಲ್ಲಿ ಎಂಜಿನ್ ಆರಿಸಿದರೆ ಸ್ವಲ್ಪ ಹೊತ್ತಿಗೆ ಆಯಿಲ್ ಮೇಣವಾಗುತ್ತದೆ. ಹಾಗಾಗಿ ಹೊರಡುವವರ ಗಾಡಿ ಬಾಗಿಲಲ್ಲಿ ಗುರುಗುಡುತ್ತಲೇ ಇರುತ್ತದೆ. ಉಳಿಯಲು ಬಂದವನು ಮಾತ್ರ ಎಂಜಿನ್ ಆರಿಸಿ, ಬ್ಯಾಟರಿ ಬಿಚ್ಚಿ, ಮಗುವಿನ ಹಾಗೆ ಎದೆಗವಚಿಕೊಂಡು ತಂದು ಮನೆಯ ಒಲೆಯ ಪಕ್ಕ ಇಡುತ್ತಾನೆ. ಮೂರು ಚಳಿಗಾಲದಿಂದ, ಊರೂರಿಗೆ ಸರಕು ಸಾಗಿಸುವ ಮಿಚಿಲನ ಉವಾಜ್ ವ್ಯಾನು ತುಯಾರಾಳ ಬಾಗಿಲಿಗೆ ಬರುತ್ತಿತ್ತು. ಬರೀ ಗುರುಗುಡುತ್ತಿತ್ತು. ರಿಪೇರಿ ಬಂದರಷ್ಟೇ ಒಂದಿಷ್ಟು ಹೊತ್ತು ಸುಮ್ಮನಿರುತ್ತಿತ್ತು.

ಹೀಟರಿನ ರಬ್ಬರ್ ಪೈಪು ಚಳಿಗೆ ಕಲ್ಲಾಗಿ ಸೀಳು ಬಿಟ್ಟಿತ್ತು. ಅವನು ದಾರಿಯಿಂದ ಫೋನು ಮಾಡಿದಾಗಲೇ ಅವಳು ಹೊಸ ಪೈಪನ್ನು ಒಲೆಯ ಮೇಲಿನ ತಂತಿಗೆ ನೇತುಹಾಕಿ ಮೆದು ಮಾಡಿಟ್ಟಿದ್ದಳು. ಅರ್ಧ ಗಂಟೆಯ ಕೆಲಸ. ಪೈಪು ಕೂರಿಸಿದಳು. ಫ್ಯಾನ್ ಬೆಲ್ಟ್ ನೋಡಿದಳು. ವ್ಯಾನಿನ ಮೂತಿಗೆ ಹೊದಿಸಿದ್ದ ಉಣ್ಣೆಯ ದಪ್ಪ ಹೊದಿಕೆ ಒಂದು ಕಡೆ ಹರಿದಿತ್ತು, ಸೂಜಿ ತಂದು ಹೊಲಿದಳು. ಆಮೇಲೆ ಸೀಟಿನ ಕೆಳಗೆ ಇಣುಕಿದಳು. ಇನ್ನೊಂದು ಬ್ಯಾಟರಿ, ಹಳೆಯ ಕೋಟಿನಲ್ಲಿ ಬೆಚ್ಚಗೆ ಸುತ್ತಿಕೊಂಡು ಮಲಗಿತ್ತು.

"ಕೋಟು ಬ್ಯಾಟರಿಗೆ, ನಡುಕ ನಿನಗಾ?"

"ನನಗೇನಾದ್ರೂ ಆದ್ರೆ ನಿಮ್ಮಜ್ಜಿ ಒಂದು ಹೊತ್ತು ಅಳ್ತಾರೆ. ಅದಕ್ಕೇನಾದ್ರೂ ಆದ್ರೆ ಚಳಿಗೆ ಸತ್ತ ಗಾಡೀನ ಮತ್ತೆ ಎಬ್ಬಿಸೋಕೆ ಏನೂ ಇಲ್ಲ, ನಾನು ದಾರೀಲಿ ಟೀ ಕುಡಿಯೋಕೂ ಎಂಜಿನ್ ಆರಿಸೋ ಹಾಗಿಲ್ಲ."

"ನಾನ್ಯಾಕೆ ಅಳಲಿ?" ಗ್ಯಾರೇಜಿಗೆ ತೆರೆಯುವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಾತ್ರೋನಾ ಅಜ್ಜಿ ಕೂಗಿದಳು. "ಅಳೋರು ಬೇರೆ ಇದ್ದಾರೆ. ಏ ಹುಡುಗಿ, ಆ ನಟ್ಟನ್ನ ಮೂರನೇ ಸಲ ಬಿಗಿ ಮಾಡ್ತಿದ್ದೀಯ, ಹರಿದು ಹೋದೀತು. ಇಬ್ಬರೂ ಬನ್ನಿ, ಟೀ ಆರುತ್ತೆ."

ಅಡುಗೆಮನೆಯಲ್ಲಿ ಹಾಲು ಹಾಕಿದ ಟೀ, ದಪ್ಪ ರೊಟ್ಟಿ, ಕೆಂಪು ಕಾಡುಹಣ್ಣಿನ ಜಾಮು. ಒಲೆಯ ಪಕ್ಕ ನೆಲದ ಹಲಗೆಯಲ್ಲಿ ಒಂದು ಚೌಕ ಬಿಳಿಚಿಕೊಂಡಿತ್ತು. ತುಯಾರಾಳ ಅಪ್ಪ ಬದುಕಿರುವ ತನಕ ಪ್ರತಿ ಚಳಿಗಾಲ ತನ್ನ ಬ್ಯಾಟರಿ ಇಡುತ್ತಿದ್ದ ಜಾಗ. ಆ್ಯಸಿಡ್ಡು ತಿಂದ ಕಲೆ, ಎಷ್ಟು ಉಜ್ಜಿದರೂ ಹೋಗದು. ಅವಳು ಅದರ ಮೇಲೆ ಸೌದೆ ಇಡುತ್ತಿರಲಿಲ್ಲ, ಬಕೆಟ್ಟೂ ಇಡುತ್ತಿರಲಿಲ್ಲ. ಯಾಕೆಂದು ಅಜ್ಜಿಯೂ ಕೇಳಿರಲಿಲ್ಲ.

ಮಿಚಿಲ್ ಎರಡನೇ ಲೋಟ ಮುಗಿಸಿ ಟೋಪಿಗೆ ಕೈ ಹಾಕಿದ. ಅವನು ಮೂರನೆಯದನ್ನು ಎಂದೂ ಕುಡಿದವನಲ್ಲ.

"ಅಲ್ಲಿ ಜಾಗ ಇದೆ," ಎಂದಳು ತುಯಾರಾ, ತನ್ನ ಲೋಟದೊಳಗೆ ನೋಡುತ್ತ.

ಅವನು ಚೌಕವನ್ನು ನೋಡಿದ. ಅಜ್ಜಿ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು.

"ಗಾಡೀಲಿ ಸೇಬು ತುಂಬಿದೆ ತುಯಾರಾ," ಎಂದ ಮಿಚಿಲ್. "ಟೋಮ್ಟೋರ್ ಊರಿನ ಶಾಲೆ ಮಕ್ಕಳಿಗೆ. ನಾಳೆ ಬರುತ್ತೆ ಅಂತ ಹೇಳಿಬಿಟ್ಟಿದ್ದಾರೆ."

"ಹೌದಲ್ಲ. ಸೇಬು." ಅವಳು ಎದ್ದು ಲೋಟ ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಎಂಜಿನ್ ಮೊದಲ ತಿರುವಿಗೇ ಎದ್ದಿತು. ಅಷ್ಟು ಚೆನ್ನಾಗಿ ಮಾಡಬಾರದಿತ್ತು ಅನ್ನಿಸಿತು ಅವಳಿಗೆ. ಗ್ಯಾರೇಜಿನ ಬಾಗಿಲ ತಿರುಗಣಿಗೆ ಹಿಮ ಕಟ್ಟಿತ್ತು. ಅವಳು ಸುತ್ತಿಗೆಯಿಂದ ಬಡಿಯುತ್ತಿರುವಾಗ ಅವನು ಬೆನ್ನ ಹಿಂದಿನಿಂದ, "ಕೈಗವಸು ಒಳಗೇ ಬಿಟ್ಟೆ" ಎಂದು ಕೂಗಿ ಹೋದ. ಬರುವುದು ಸ್ವಲ್ಪ ತಡವಾಯಿತು. ಬಂದವನು ಅವಳ ಮುಖ ನೋಡದೆ ಹತ್ತಿ ಕೂತ. ಬಾಗಿಲಾಚೆ ಹೋದ ವ್ಯಾನು ತನ್ನದೇ ಹೊಗೆಯ ಮಂಜಿನಲ್ಲಿ ಹತ್ತು ಮಾರಿಗೇ ಕರಗಿತು. ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು. ಕಣ್ಣರೆಪ್ಪೆಗೆ ಹಿಮ ಕಟ್ಟುವವರೆಗೆ ಅವಳು ನಿಂತೇ ಇದ್ದಳು.

ಒಳಗೆ ಬಂದಾಗ ಒಲೆಯ ಪಕ್ಕದ ಚೌಕದ ಮೇಲೆ ಹಳೆಯ ಕೋಟೊಂದು ಮುದುಡಿ ಕೂತಿತ್ತು. ತುಯಾರಾ ಬಗ್ಗಿ ಅಂಚು ಸರಿಸಿದಳು. ಸೀಟಿನ ಕೆಳಗಿದ್ದ ಬ್ಯಾಟರಿ. ಇನ್ನೂ ಬೆಚ್ಚಗಿತ್ತು.

"ನನ್ನನ್ನೇನು ನೋಡ್ತೀಯ?" ಎಂದಳು ಅಜ್ಜಿ. "ಕೈಗವಸು ಹುಡುಕ್ತಾ ಬಂದ. ಅವು ಅವನ ಕೈಯಲ್ಲೇ ಇದ್ದವು."

"ಅಜ್ಜಿ, ಇದಿಲ್ಲದೆ ಆ ದಾರೀಲಿ..."

"ಗೊತ್ತು. ಹೋಗೋಕೆ ನಾನೂರೈವತ್ತು ಕಿಲೋಮೀಟರು, ಬರೋಕೆ ನಾನೂರೈವತ್ತು." ಅಜ್ಜಿ ಒಲೆಗೆ ಇನ್ನೊಂದು ಸೌದೆ ತುರುಕಿದಳು. "ಹುಚ್ಚುಮುಂಡೇದು. ಇನ್ನು ಈ ಮನೆ ಮುಟ್ಟೋ ತನಕ ಎಲ್ಲೂ ಎಂಜಿನ್ ಆರಿಸೋ ಹಾಗಿಲ್ಲ."