ಹದಿನೈದಕ್ಕೆ ಎರಡು ಕಮ್ಮಿ

ಗುದ್ದಿದವನು ಓಡಿಹೋಗುವುದು ವಾಡಿಕೆ. ಗುದ್ದಪ್ಪ ಓಡಲಿಲ್ಲ. ತರಗತಿಯ ಲೀಡರನ ಮೂಗಿಗೆ ಒಂದು ಬಿಟ್ಟು, ನೆಟ್ಟಗೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ಬಸ್ಸಿಗೆ ಕಾಯುವವನ ಹಾಗೆ ನಿಂತುಕೊಂಡ.

ಹಿಂದೆಯೇ ಮೂಗು ಹಿಡಿದುಕೊಂಡು ಲೀಡರ್ ಬಂದ. "ನಾನೇನೂ ಅಂದಿಲ್ಲ ಮಿಸ್! ಸ್ಕೇಲ್ ಕೇಳಿದೆ, ಅಷ್ಟೇ. ಗುದ್ದೋದೂ ಅಲ್ಲದೆ, ಜೋರಾಗಿ ಬಿತ್ತೇನೋ ಅಂತ ಬೇರೆ ಕೇಳ್ತಾನೆ! ಬೇರೆ ಯಾವನಾದ್ರೂ ಆಗಿದ್ರೆ ತಿರುಗಿಸಿ ಕೊಡ್ತಿದ್ದೆ."

"ಇವನಿಗೇನು ಕೊಂಬಿದೆಯಾ?" ಎಂದಳು ಆಪ್ತಸಮಾಲೋಚಕಿ.

ಲೀಡರ್ ಮೂಗು ಒರೆಸಿಕೊಂಡು ತರಗತಿಯ ಕಡೆ ಹೊರಟ.

ತಿಂಗಳಲ್ಲಿ ಇದು ನಾಲ್ಕನೆಯ ಹೊಡೆದಾಟ. ಮೂರಾದರೆ ತಪ್ಪೊಪ್ಪಿಗೆ ಪತ್ರ, ನಾಲ್ಕಾದರೆ ಆಪ್ತಸಮಾಲೋಚಕಿಯ ಫಾರಂ; ಅದು ಶಾಲೆಯ ನಿಯಮ. ಗುದ್ದಪ್ಪ ಎಂಬುದು ಸಹಪಾಠಿಗಳು ಇಟ್ಟ ಹೆಸರು. ಫಾರಮ್ಮಿನಲ್ಲಿ ಗೋಪ್ಯತೆಯ ದೃಷ್ಟಿಯಿಂದ ಯಾವ ಹೆಸರೂ ಇರಲಿಲ್ಲ. ಅಲ್ಲಿ ಅವನು ಸಂಖ್ಯೆ ನಲವತ್ತೊಂದು, ವಯಸ್ಸು ಹದಿನಾಲ್ಕು.

ಆಕೆ ಮೇಲಿನ ಕಚೇರಿಯಿಂದ ಈ ಶಾಲೆಗೆ ಬಂದು ಎರಡೇ ದಿನ. ಅವಳಿಗೆ ಇಲ್ಲಿ ಗೊತ್ತಿದ್ದದ್ದು ಮೂರು: ಕ್ಯಾಂಟೀನು, ಶೌಚಾಲಯ, ಉಪಪ್ರಾಂಶುಪಾಲರು. ಮಗು ಬೆದರದಂತೆ ಅದಕ್ಕೆ ಪರಿಚಯವಿರುವ ಹಿರಿಯರೊಬ್ಬರು ಕೋಣೆಯಲ್ಲಿ ಇರತಕ್ಕದ್ದು ಎಂದು ಅವಳ ಕೈಪಿಡಿ ಹೇಳುತ್ತಿತ್ತು. ಉಪಪ್ರಾಂಶುಪಾಲರು ಕರೆಯುವ ಮೊದಲೇ ಬಂದರು.

"ನಿಮಗೆ ತೊಂದರೆ ಕೊಟ್ಟೆ ಸರ್."

"ತೊಂದರೆ ಎಂಥದು ಮೇಡಂ? ಇಲ್ಲಿನ ಮಕ್ಕಳೆಲ್ಲ ನನ್ನ ಮಕ್ಕಳೇ."

ಇಂಥ ಮಾತಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅವರು ಬಾಗಿಲು ಮುಚ್ಚಿ ಚಿಲಕ ಹಾಕಿದರು. "ಗಾಳಿಗೆ ಬಡ್ಕೊಳ್ಳುತ್ತೆ." ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಅದು ಹಳೆಯ ಭೂಪಟಗಳನ್ನು ಸುತ್ತಿಡುವ ಕೋಣೆ. ಒಂದು ಮೇಜು, ಮೂರು ಕುರ್ಚಿ. ಕಿಟಕಿಗೆ ತಂತಿಬಲೆ, ಬಲೆಯಾಚೆ ಪಕ್ಕದ ಕಟ್ಟಡದ ಗೋಡೆ.

"ಕೂತ್ಕೊಳಪ್ಪ."

"ಪರವಾಗಿಲ್ಲ ಮಿಸ್, ನಿಂತೇ ಇರ್ತೀನಿ."

"ಕೂತ್ಕೋ ಅಂದ್ರಲ್ಲ," ಎಂದರು ಉಪಪ್ರಾಂಶುಪಾಲರು.

"ಆಯ್ತು ಸರ್." ಹುಡುಗ ಕುರ್ಚಿಯ ತುದಿಯಲ್ಲಿ, ಮೊಟ್ಟೆಯ ಮೇಲೆ ಕೂರುವಷ್ಟು ಹುಷಾರಾಗಿ ಕೂತ.

ಆಕೆ ವಿವರಿಸಿದಳು. ಇಪ್ಪತ್ತು ಪ್ರಶ್ನೆ. ಅಪಾಯದ ಲಕ್ಷಣ ಕಂಡರೆ ಒಂದೊಂದು ಅಂಕ. ಕೊನೆಯದಕ್ಕೆ ಮಾತ್ರ ಐದು. "ಹದಿನೈದಾದರೆ ನಮ್ಮ ವಸತಿ ಕೇಂದ್ರಕ್ಕೆ ಹೋಗಬೇಕಾಗುತ್ತೆ. ಬೇರೆ ಊರು. ಹೆದರಬೇಡ, ನೋಡೋಣ."

"ರಜಕ್ಕೆ ಮನೆಗೆ ಕಳಿಸ್ತಾರಾ ಮಿಸ್?"

"ಎರಡು ವರ್ಷ ಕಳಿಸಲ್ಲ ಪುಟ್ಟ."

ಹುಡುಗ ಮೇಜಿನ ಅಂಚು ಹಿಡಿದುಕೊಂಡ. ಆಕೆಗೆ ಪಾಪ ಅನ್ನಿಸಿತು.

ಕ್ಲಾಸಿಗೆ ಚಕ್ಕರ್ ಹೊಡೀತೀಯಾ? ಹೌದು. ನಿದ್ದೆಗೆಡ್ತೀಯಾ? ಹೌದು. ಬೇರೆಯವರು ರೇಗಿಸ್ತಾರಾ? ಹೌದು. ಅವನು ಪ್ರಶ್ನೆ ಮುಗಿಯುವುದಕ್ಕೂ ಬಿಡುತ್ತಿರಲಿಲ್ಲ.

"ಸಿಗರೇಟು?"

"ಹೌದು."

"ಯಾವುದು?"

ಹುಡುಗ ಯೋಚಿಸಿದ. "ಬಿಳೀದು."

ಆಕೆ ನಗು ನುಂಗಿಕೊಂಡು ಗುರುತು ಹಾಕಿದಳು. "ಆಯುಧ ಏನಾದರೂ ಇಟ್ಕೊಂಡಿರ್ತೀಯಾ?"

"ಕೈವಾರ."

"ಅದು ಎಲ್ಲರ ಹತ್ರಾನೂ ಇರುತ್ತಲ್ಲೋ."

"ನನ್ನದು ಚೂಪು ಮಿಸ್."

"ಆಪ್ತ ಸ್ನೇಹಿತರು?"

"ಒಬ್ಬ ಇದ್ದ. ಒಂದು ಸಲ ಮನೆಗೆ ಬಂದ. ಆಮೇಲೆ ಬರಲಿಲ್ಲ."

"ಶಾಲೆ ಬಿಟ್ಟ ಮೇಲೆ ಮನೇಲಿ ಒಬ್ಬನೇ ಇರ್ತೀಯಾ?"

ಇದಕ್ಕೆ ಮಾತ್ರ ಹುಡುಗ ತಲೆ ತಗ್ಗಿಸಿ ಉತ್ತರಿಸಿದ. "ಇಲ್ಲ. ಅಪ್ಪನ ಕೆಲಸಾನೂ ಅಷ್ಟೊತ್ತಿಗೇ ಮುಗಿಯುತ್ತೆ."

"ಅದೃಷ್ಟವಂತ. ಅಮ್ಮ?"

"ಹೋಗಿ ಮೂರು ವರ್ಷ ಆಯ್ತು. ಎಲ್ಲಿಗೆ ಅಂತ ಹೇಳಿಲ್ಲ."

"ಮುಂದಿನದು ಕೇಳಿ ಮೇಡಂ, ಬೆಲ್ಲಾಗುತ್ತೆ," ಎಂದರು ಉಪಪ್ರಾಂಶುಪಾಲರು.

ಹತ್ತೊಂಬತ್ತು ಮುಗಿಯಿತು. ಮೇಜಿನ ಕೆಳಗೆ ಹುಡುಗನ ಬೆರಳುಗಳು ಮಡಚಿಕೊಂಡಿದ್ದವು. "ಹದಿಮೂರಾಯ್ತಲ್ಲ ಮಿಸ್?"

"ಭೇಷ್, ಕೂಡೋದರಲ್ಲಿ ಚುರುಕು!"

"ಅದೊಂದರಲ್ಲಿ," ಎಂದರು ಉಪಪ್ರಾಂಶುಪಾಲರು.

"ಇದು ಕೊನೇದು. ನಿಜ ಹೇಳಬೇಕು." ಆಕೆ ದನಿ ತಗ್ಗಿಸಿದಳು. "ಮನೇಲಿ ಯಾರಾದರೂ ನಿನಗೆ ಹೊಡೀತಾರಾ?"

ಹುಡುಗ ಬಾಯಿ ತೆರೆದ. ಕಿಟಕಿಯ ಕಡೆ ನೋಡಿದ, ಗೋಡೆ ಕಂಡಿತು. ಬಾಗಿಲ ಕಡೆ ನೋಡಿದ, ಚಿಲಕ ಕಂಡಿತು.

ಉಪಪ್ರಾಂಶುಪಾಲರು ಮುಂದೆ ಬಾಗಿ, ಅವನ ಭುಜದ ಮೇಲೆ ಕೈಯಿಟ್ಟರು. "ಹೇಳು ಮರಿ. ನಾನಿದ್ದೀನಲ್ಲ."

"ಇಲ್ಲ."

"ಯೋಚನೆ ಮಾಡಿ ಹೇಳು," ಎಂದಳು ಆಕೆ.

"ಇಲ್ಲ ಮಿಸ್. ಯಾರೂ ಹೊಡೆಯಲ್ಲ."

ಆಕೆಯ ಎದೆ ಹಗುರಾಯಿತು. ಒಳ್ಳೆಯ ಸುದ್ದಿ ಹೇಳುವ ಅವಕಾಶ ಅವಳ ಕೆಲಸದಲ್ಲಿ ವರ್ಷಕ್ಕೆ ಒಂದೆರಡು ಬಾರಿ ಬಂದರೆ ಹೆಚ್ಚು. "ಹದಿಮೂರು! ಬಚಾವಾದೆ ಕಣೋ. ಎಲ್ಲಿಗೂ ಹೋಗಬೇಕಾಗಿಲ್ಲ. ಮನೆಯಲ್ಲೇ ಇರು."

ಹುಡುಗ ಮಡಚಿದ ಬೆರಳುಗಳನ್ನು ಬಿಡಿಸಲಿಲ್ಲ. "ಸಿಗರೇಟಿಗೆ ಮೂರು ಅಂಕ ಕೊಡೋಕಾಗಲ್ವಾ ಮಿಸ್? ದಿನಾ ಮೂರು ಸೇದ್ತೀನಿ."

"ತಲೆಹರಟೆ!" ಆಕೆ ನಕ್ಕು, ಹಾಳೆಯನ್ನು ಅವನ ಮುಂದೆ ತಿರುಗಿಸಿಟ್ಟಳು. "ಇಲ್ಲೊಂದು ಸಹಿ ಬೇಕು. ಮನೆಗೆ ತಗೊಂಡು ಹೋಗಿ ಹಾಕಿಸಿ, ನಾಳೆ ತಂದುಕೊಡು."

"ನಾಳೆವರೆಗೂ ಯಾಕೆ ಮೇಡಂ?" ಎಂದ ಉಪಪ್ರಾಂಶುಪಾಲರು ಹಾಳೆಯನ್ನು ತಮ್ಮತ್ತ ಎಳೆದುಕೊಂಡು, 'ತಂದೆಯ ಸಹಿ' ಎಂದಿದ್ದ ಗೆರೆಯ ಮೇಲೆ ದುಂಡಾಗಿ ರುಜು ಹಾಕಿದರು.