ಚೈನು ಬಿಚ್ಚಿದ ಸಂಜೆ

"ಬಾರೇ ಬಂಗಾರಾ, ಬಾ ಬಾ..." ಬಯಲಿನ ನಡುವೆ ಮಂಡಿಯೂರಿದ್ದ ದರ್ಜಿ, ಬೇಯಿಸಿದ ಲಿವರಿನ ಚೂರು ಚಾಚಿ ಕರೆದ. ಎಂಟು ತಿಂಗಳ ನಾಯಿಮರಿಗೆ ಚೈನು ಬಿಚ್ಚಿದ್ದು ಇದೇ ಮೊದಲ ಸಲ. ಅದೋ, ಕಿವಿಗೇ ಹಾಕಿಕೊಳ್ಳದೆ ಬೇಲಿ ಮೂಸುತ್ತಿತ್ತು.

ಗೇಟಿನ ಬಳಿ ಖಾಲಿ ಚೈನು ಹಿಡಿದು ನಿಂತಿದ್ದ ಹೆಂಡತಿಗೆ ಹೊಟ್ಟೆ ಉರಿಯಿತು. ಒಂಬತ್ತು ವರ್ಷದಿಂದ ಅವಳನ್ನು ಕರೆದಿದ್ದು "ಏಯ್, ಎಲ್ಲಿ ಸತ್ತೆ?" ಎಂದೇ. ಈ ಮೂತಿ ಬಂಗಾರವಂತೆ! ಗದರಿದರೆ ನಾಯಿ ಹತ್ತಿರ ಬರುವುದಿಲ್ಲವೆಂದು ಮನೆಯವರಿಗೆಲ್ಲ ಪಾಠ ಹೇಳಿದವನೂ ಅವನೇ.

"ಬಾರೇ ನನ್ನ ಬಂಗಾರಾ..." ದನಿ ಇನ್ನೂ ಮೆತ್ತಗಾಯಿತು. ಮರಿ ತಲೆಯೆತ್ತಲಿಲ್ಲ.

ತನಗೇ ಅರಿವಾಗುವಷ್ಟರಲ್ಲಿ ಅವಳು ಅರ್ಧ ಬಯಲು ದಾಟಿ ಗಂಡನೆದುರು ನಿಂತಿದ್ದಳು.

"ನೀನ್ಯಾಕೆ ಬಂದೆ?" ಚಾಚಿದ ಕೈ ಹಾಗೇ ಇತ್ತು.

"ಕರೆದ್ರಲ್ಲ," ಎಂದಳು.